ಹಳಿಯ ಆಚೆ ಬದಿ

ಫೆಬ್ರವರಿ ೧೧

ಅಕ್ಕಾ,

ಕಾಗದ ಶುರುಮಾಡೋವಾಗ ಎಲ್ಲರೂ ಕ್ಷೇಮ ಅಂತ ಬರೀತಾರೆ. ಆ ಪದ ಬರೆಯೋಕೆ ನನ್ನ ಕೈ ಏಳ್ತಿಲ್ಲ. ನೀನು ಹೇಗಿದ್ದೀಯ ಅಂತ ಕೇಳೋಕೆ ಮುಖವೂ ಇಲ್ಲ. ಭಾವನ್ನ ಕೊನೇ ಸಲ ಕಳಿಸಿಕೊಡೋವಾಗ ನಾನು ಆ ಕಡೆ ಸುಳಿಯಬಾರದು ಅಂತ ನೀನು ಹೇಳಿದೆಯಂತೆ. ಹೇಳಿದ್ದು ಸರಿ. ಬರಬೇಕು ಅಂದ್ರೂ ಬರೋ ಹಾಗಿರಲಿಲ್ಲ. ಸಂಜೆಯೊಳಗೆ ಸ್ಟೇಷನ್ ಮಾಸ್ಟರು ನನ್ನ ಟೋಪಿ, ಎದೆ ಮೇಲಿನ ಬಿಲ್ಲೆ ಎರಡನ್ನೂ ಕಿತ್ತಿಟ್ಟುಕೊಂಡು ಇಲ್ಲಿಗೆ, ದೊಡ್ಡ ಆಫೀಸಿಗೆ, ಕಳಿಸಿಬಿಟ್ರು.

ಈಗ ಬೆಂಚಿನ ಮೇಲೆ ಕೂತು ಬರೀತಿದ್ದೀನಿ. ಬೆಂಚು ಅಂದ್ರೆ ನಿನಗೆ ಗೊತ್ತು, ಭಾವ ಎಷ್ಟು ಸಲ ಹೇಳಿ ನಗಿಸಿಲ್ಲ. ಸಾಹೇಬರ ಕೋಣೆ ಹೊರಗೆ ಗೋಡೆಗೆ ಒರಗಿಸಿದ ಉದ್ದನೇ ಮರದ ಬೆಂಚು. ತಪ್ಪು ಮಾಡಿದವನು ಆಫೀಸು ತೆಗೆಯೋ ಹೊತ್ತಿಗೆ ಬಂದು, ಮುಚ್ಚೋವರೆಗೂ ಬರಿತಲೆಯಲ್ಲಿ ಅದರ ಮೇಲೆ ಕೂತಿರಬೇಕು. ವಿಚಾರಣೆಗೆ ಕರೆಯೋದು ನಾಳೆಯಾದ್ರೂ ಆಯ್ತು, ಮೂರು ತಿಂಗಳಾದ್ರೂ ಆಯ್ತು. ಅಲ್ಲೀವರೆಗೂ ಸಂಬಳವಿಲ್ಲ, ಮಾತಿಲ್ಲ. ಬೆಂಚಿನವನ ಹತ್ರ ಮಾತಾಡಿದವನಿಗೂ ಅರ್ಧ ದಿನದ ಕೂಲಿ ಖೋತಾ. ನನ್ನ ಜೊತೆಗೇ ಕೆಲಸಕ್ಕೆ ಸೇರಿದವರು ಎದುರಿಗೇ ಓಡಾಡ್ತಾರೆ, ಕಂಡೂ ಕಾಣದ ಹಾಗೆ ಹೋಗ್ತಾರೆ.

“ರೈಲ್ವೆಯಲ್ಲಿ ಟಿಕೆಟ್ ಇಲ್ದೆ ಸೀಟು ಖಾತ್ರಿ ಇರೋದು ಆ ಬೆಂಚಿನ ಮೇಲೆ ಮಾತ್ರ ಕಣೋ” ಅಂತಿದ್ರಲ್ಲ ಭಾವ. ಮೊದಲನೇ ದಿನ ಕೂತಾಗ ಆ ಮಾತು ನೆನಪಾಗಿ ನಗು ಬಂದುಬಿಡ್ತು ಅಕ್ಕಾ. ಎದುರಿಗಿದ್ದ ಗುಮಾಸ್ತ ನೋಡಿಬಿಟ್ಟ. ಭಾವನ್ನ ಕೊಂದು ಬಂದು ನಗ್ತಾನೆ ಅಂತ ಈಗ ಆಫೀಸೆಲ್ಲ ಅದೇ ಸುದ್ದಿ.

ಮೇನ್ ಲೈನಲ್ಲಿ ಹೋಗಬೇಕಾದ ಭಾವನ ಗಾಡಿಯನ್ನ, ಹಳಿ ಕವಲೊಡೆಯೋ ಪಾಯಿಂಟ್ಸಿನಲ್ಲಿ ಲಿವರ್ ಎಳೆದು, ಗೋದಾಮಿನ ಹಳಿಗೆ ತಿರುಗಿಸಿದ್ದು ನನ್ನ ಕೈ. ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅದು ಹೋಗಿ ಹೊಡೆದದ್ದು ನನ್ನಿಂದ. ಇದನ್ನ ಯಾರ ಹತ್ರವೂ ಇಲ್ಲ ಅಂದಿಲ್ಲ, ಅನ್ನೋದೂ ಇಲ್ಲ. ಹೇಗಾಯ್ತು ಅನ್ನೋದನ್ನ ಮಾತ್ರ ಸಾಹೇಬರಿಗೆ ಹೇಳೋ ಮುಂಚೆ ನಿನಗೆ ಹೇಳಬೇಕು. ಒಂದು ಸಾಲು ಬರಿ ಸಾಕು. ಬೈದು ಬರೆದ್ರೂ ಸರಿ.

ಪುಟ್ಟಿ ‘ಮಾವ ಎಲ್ಲಿ’ ಅಂತ ಕೇಳಿದ್ರೆ ಕೆಲಸದ ಮೇಲೆ ದೂರ ಹೋಗಿದ್ದಾನೆ ಅನ್ನು.

ನಿನ್ನ ತಮ್ಮ


ಮಾರ್ಚ್ ೩

ಅಕ್ಕಾ,

ಅಂಚೆಯವನು ಈ ಕಡೆ ಬಂದಾಗಲೆಲ್ಲ ತಲೆ ಎತ್ತಿ ನೋಡ್ತೀನಿ. ಪಾಪ, ಅವನಿಗೂ ನನ್ನ ಹತ್ರ ಮಾತಾಡೋ ಹಾಗಿಲ್ಲ. ಇಲ್ಲ ಅಂತ ತಲೆ ಅಡ್ಡ ಆಡಿಸಿ ಮುಂದಕ್ಕೆ ಹೋಗ್ತಾನೆ.

ಬೆಂಚಿನ ಮೇಲೂ ಹಿರಿತನ ಅನ್ನೋದಿದೆ. ಕಿಟಕಿ ಪಕ್ಕದ ತುದಿ ಹಳಬರಿಗೆ. ದೀಪ ಆರಿಹೋಗೋಕೆ ಬಿಟ್ಟ ಗಾರ್ಡು, ಗೇಟು ತಡವಾಗಿ ಹಾಕಿದವನು, ಮೇಲಿನವರಿಗೆ ಎದುರು ಮಾತಾಡಿದ ಫಿಟ್ಟರು, ಎಲ್ಲರೂ ಬಂದ್ರು, ದಂಡ ಹಾಕಿಸಿಕೊಂಡು ಹೋದ್ರು. ಕಿಟಕಿ ತುದಿ ಈಗ ನಂದೇ. ಅಲ್ಲಿಂದ ಹಳಿ ಕಾಣುತ್ತೆ. ನೋಡದೆ ಇರೋಕೆ ಬೆನ್ನು ತಿರುಗಿಸಿ ಕೂರ್ತೀನಿ.

ಸಂಘದ ವಕೀಲರು ಬಂದಿದ್ರು. ಅವರೊಬ್ಬರಿಗೆ ನನ್ನ ಜೊತೆ ಮಾತಾಡೋಕೆ ಅಪ್ಪಣೆ ಇದೆ. ಒಳ್ಳೇ ಮನುಷ್ಯ. “ನೋಡಪ್ಪಾ, ನಿನ್ನ ಹತ್ರ ಎರಡು ಪಾಳಿ ಕೂಡಿಸಿ ದುಡಿಸಿಕೊಂಡಿದ್ರು. ಗೂಡ್ಸ್ ಗಾಡಿ ಗೋದಾಮಿನ ಹಳಿಗೆ ಬಿಟ್ಟೆ, ಆಮೇಲೆ ತೂಕಡಿಸಿಬಿಟ್ಟೆ, ಪಾಯಿಂಟ್ಸ್ ವಾಪಸ್ ಮೇನ್ ಲೈನಿಗೆ ತಿರುಗಿಸೋದು ಮರೆತುಹೋಯ್ತು ಅಂತ ಹೇಳು. ಕೆಲಸ ಹೋಗುತ್ತೆ, ಜೈಲು ತಪ್ಪುತ್ತೆ” ಅಂದ್ರು. ಹಾಗಾಗಲಿಲ್ಲ ಸ್ವಾಮೀ ಅಂದೆ. “ಮತ್ತೇನಾಯ್ತು?” ಅಂದ್ರು. ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು, “ಇದನ್ನ ಇನ್ನೊಬ್ಬರ ಮುಂದೆ ಬಾಯಿ ಬಿಡಬೇಡ” ಅಂದ್ರು.

ನಿನ್ನ ಮುಂದೆ ಬಿಡಬೇಕು ಅಂತಿದ್ದೀನಿ. ಕೇಳ್ತೀಯಾ?

ನಿನ್ನ ತಮ್ಮ


ಮಾರ್ಚ್ ೧೧

ಬರೆಯಲೇಬಾರದು ಅಂತಿದ್ದೆ. ನಿನ್ನ ಎರಡು ಕಾಗದವನ್ನೂ ಒಲೆ ಮುಂದೆ ಇಟ್ಟುಕೊಂಡು ಕೂತೆ. ಬೆಂಕಿಗೆ ಹಾಕೋಕೆ ಆಗಲಿಲ್ಲ. ಒಡಹುಟ್ಟಿದ್ದು ಅನ್ನೋ ಪೀಡೆ ಅಷ್ಟು ಸುಲಭಕ್ಕೆ ಸುಡಲ್ಲ.

ನಿನ್ನ ಬೆಂಚಿನ ಪುರಾಣ ನನಗ್ಯಾಕೆ? ನಿನಗೆ ಕೂರೋಕಾದ್ರೂ ಬೆಂಚಿದೆ. ಡ್ರೈವರೇ ಇಲ್ಲದ ಮೇಲೆ ಡ್ರೈವರ್ ಕ್ವಾರ್ಟರ್ಸ್ ಯಾಕೆ, ಬಿಟ್ಟು ಹೊರಡು ಅಂತ ನನ್ನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ. ಅವತ್ತು ಬೆಳಿಗ್ಗೆ ಒಗೆದು ಹಾಕಿದ ಅವರ ಅಂಗಿ ಇನ್ನೂ ಹಗ್ಗದ ಮೇಲೇ ಇದೆ. ಕಾಲರಿನ ಮಸಿ ಎಷ್ಟು ಉಜ್ಜಿದ್ರೂ ಹೋಗಿರಲಿಲ್ಲ. ಈಗ ಪುಟ್ಟಿ ಅದನ್ನ ತೆಗೆಯೋಕೆ ಬಿಡ್ತಿಲ್ಲ.

ಒಂದು ಕೇಳ್ತೀನಿ, ಸುತ್ತಿ ಬಳಸಿ ಬರೀಬೇಡ. ಅದಕ್ಕೆ ನಾಲ್ಕು ದಿನ ಮುಂಚೆ ನಮ್ಮ ಬಾಗಿಲಲ್ಲಿ ನಿಂತು ಏನಂದೆ? “ಭಾವ, ನಿಮ್ಮ ಗಾಡಿ ನನ್ನ ಕೈ ಕೆಳಗೇ ಹೋಗಬೇಕು. ಗೋದಾಮಿಗೆ ಕಳಿಸ್ತೀನಿ, ನೋಡ್ತಿರಿ.” ಪಕ್ಕದ ಮನೆ ಗಾರ್ಡಮ್ಮ ಕೇಳಿಸಿಕೊಂಡು ಊರಿಗೆಲ್ಲ ಹಂಚಿದ್ದಾಳೆ. ಆ ಮಾತು ನೀನು ಎಷ್ಟೋ ಸಲ ಅಂದಿದ್ದೀಯ. ಅಂದಾಗಲೆಲ್ಲ ನಗ್ತಾ ಅಂದಿದ್ದೀಯ. ಅವತ್ತು ನಗಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಅಮ್ಮ ನಿನಗೇ ಅಲ್ವಾ ಹೇಳ್ತಿದ್ದದ್ದು? ನೀನು ಅಂದೆ. ನಾಲ್ಕನೇ ದಿನ ಗಾಡಿ ಗೋದಾಮಿಗೆ ಹೋಯ್ತು. ನಾನು ಏನಂತ ತಿಳ್ಕೊಳ್ಳಲಿ? ನೀನೇ ಹೇಳು.

ಇನ್ನೊಂದು. ಅವರು ನಿನ್ನ ನೋಡಿದ್ರಾ? ಆ ಹೊತ್ತಲ್ಲಿ ನಿನ್ನ ಮುಖ ಅವರಿಗೆ ಕಾಣಿಸ್ತಾ? ಕೊನೇ ಗಳಿಗೆಯಲ್ಲಿ ನಿನ್ನ ಬಗ್ಗೆ ಏನಂದುಕೊಂಡು ಹೋದ್ರು ಅನ್ನೋದು ನನಗೆ ಗೊತ್ತಾಗಬೇಕು.

ವಿಚಾರಣೆಗೆ ನನ್ನನ್ನೂ ಕರೆದಿದ್ದಾರೆ. ತಿಂಗಳ ಕೊನೆಗೆ ಬರ್ತೀನಿ. ನಿನಗೋಸ್ಕರ ಅಲ್ಲ.

ಡ್ರೈವರ್ ಹೆಂಡತಿ


ಮಾರ್ಚ್ ೧೭

ಅಕ್ಕಾ,

ಬೈದೆಯಲ್ಲ, ಸದ್ಯ. ಓದಿ ಜೀವ ಬಂದ ಹಾಗಾಯ್ತು.

ಜಗಳ ಯಾಕಾಯ್ತು ಅಂತ ನಿನಗೆ ಅರ್ಧ ಮಾತ್ರ ಗೊತ್ತು. ಸಿಗ್ನಲ್ ಕ್ಯಾಬಿನ್ನಿನಲ್ಲಿ ಜಾಗ ಖಾಲಿಯಾಗಿತ್ತು. ಬಿಸಿಲು ಚಳಿ ಇಲ್ಲದ ಕೆಲಸ. ಸ್ಟೇಷನ್ ಮಾಸ್ಟರ ಹತ್ರ ನನಗೊಂದು ಮಾತು ಹೇಳಿ ಅಂತ ಭಾವನ್ನ ಕೇಳಿಕೊಂಡಿದ್ದೆ. ಅವರು ಹೇಳಿದ್ರು. “ಅವನಿಗೆ ಬೇಡ ಸಾರ್, ಅವನು ಅನುಮಾನಪ್ಪ, ಮಾಡಿದ್ದನ್ನೇ ಮೂರು ಸಲ ನೋಡ್ತಾನೆ, ಅಷ್ಟೊಂದು ಲಿವರ್ ಇರೋ ಕಡೆ ತಲೆ ಕೆಡಿಸಿಕೊಳ್ತಾನೆ” ಅಂತ ಹೇಳಿದ್ರು. ಅದು ಬೇರೆಯವರ ಬಾಯಿಂದ ನನ್ನ ಕಿವಿಗೆ ಬಿತ್ತು. ಅದಕ್ಕೇ ಬಾಗಿಲಲ್ಲಿ ನಿಂತು ಕೂಗಾಡಿದೆ. ಆ ಮಾತನ್ನ ನಗದೇ ಅಂದೆ, ನೀನು ಹೇಳಿದ್ದು ನಿಜ. ಅವತ್ತು ಕೋಪದಲ್ಲಿದ್ದೆ. ಆದ್ರೆ ಕೋಪದ ಮಾತಿಗೂ ಕೈಗೂ ನಂಟಿಲ್ಲ ಅಕ್ಕಾ.

ಈಗ ಕೇಳು. ಅವತ್ತು ಮಧ್ಯಾಹ್ನ ಗೂಡ್ಸ್ ಗಾಡಿಯನ್ನ ಗೋದಾಮಿನ ಹಳಿಗೆ ತಗೊಂಡೆ. ಕೊನೇ ಡಬ್ಬಿ ಒಳಗೆ ಹೋದ ಮೇಲೆ ಲಿವರ್ ಎಳೆದು ಪಾಯಿಂಟ್ಸನ್ನ ಮೇನ್ ಲೈನಿಗೆ ತಿರುಗಿಸಿದೆ. ಲಿವರ್ ಅಲುಗದ ಹಾಗೆ ಕೊಂಡಿ ಹಾಕಿದೆ. ಬಗ್ಗಿ, ಹಳಿ ಸರಿಯಾಗಿ ಕೂತಿದೆಯಾ ಅಂತ ನೋಡಿದೆ. ಎಲ್ಲ ಸರಿಯಿತ್ತು. ಆಮೇಲೆ ಲಿವರಿನ ಪಕ್ಕದ ಕಲ್ಲಿನ ಮೇಲೆ ಕೂತೆ. ರೂಲೇ ಅದು. ಗಾಡಿ ದಾಟೋವರೆಗೂ ಪಾಯಿಂಟ್ಸ್‌ಮನ್ನು ಲಿವರ್ ಕೈಗೆಟುಕೋ ಹಾಗೆ ಇರಬೇಕು, ದೂರ ನಿಂತ್ರೆ ದಂಡ.

ಕೂತು ಅದೇ ಜಗಳ ಮೆಲುಕು ಹಾಕ್ತಿದ್ದೆ. ಅಷ್ಟರಲ್ಲಿ ಭಾವನ ಗಾಡಿ ಬಂತು. ಎದೆ ಧಸಕ್ಕಂತು. ಅಯ್ಯೋ ದೇವರೇ, ಗೂಡ್ಸ್ ಒಳಗೆ ಬಿಟ್ಟೆ, ಪಾಯಿಂಟ್ಸ್ ವಾಪಸ್ ತಿರುಗಿಸಲೇ ಇಲ್ಲ ಅನ್ನಿಸಿಬಿಡ್ತು. ತಿರುಗಿಸಿದ್ದು, ಬಗ್ಗಿ ನೋಡಿದ್ದು, ಒಂದೂ ತಲೆಯಲ್ಲಿರಲಿಲ್ಲ. ಭಾವನ್ನ ಉಳಿಸಬೇಕು ಅಂತಲೇ ಎದ್ದೆ. ಎದ್ದವನೇ ಕೊಂಡಿ ಕಿತ್ತು ಲಿವರ್ ಎಳೆದೆ. ಸರಿಯಿದ್ದದ್ದನ್ನ ಸರಿ ಮಾಡೋಕೆ ಹೋದೆ. ಎಳೆದು ಮುಗಿಸಿದ ಮೇಲೆ ಗೊತ್ತಾಯ್ತು. ಅಷ್ಟೊತ್ತಿಗೆ ಇಂಜಿನ್ನು ಪಾಯಿಂಟ್ಸ್ ಮೇಲೆ ಹತ್ತಿತ್ತು.

ಅಮ್ಮ ಒಂದು ಸಲ ಚಿಲಕ ಹಾಕಿ ಮಲಗಿ, ಹಾಕಿದ್ನೋ ಇಲ್ವೋ ಅಂತ ಎದ್ದು ಹೋಗಿ, ಹಾಕಿದ ಚಿಲಕಾನೇ ತೆಗೆದು ಬಂದು ಮಲಗಿದ್ಲು, ನೆನಪಿದೆಯಾ? ಅಷ್ಟೇ ಆದದ್ದು.

ನೀನು ಕೇಳಿದ ಇನ್ನೊಂದಕ್ಕೆ ಈಗ ಉತ್ತರ ಬರೆಯೋಕೆ ನನ್ನಿಂದ ಆಗಲ್ಲ.

ನಿನ್ನ ತಮ್ಮ


ಏಪ್ರಿಲ್ ೨

ಬೆಂಚಿನ ಮೇಲೆ ನಿನ್ನ ನೋಡಿದೆ. ಗಡ್ಡ ಬಿಟ್ಟಿದ್ದೀಯ. ಅಂಗಿ ಗುಂಡಿ ಒಂದು ಕಿತ್ತುಹೋಗಿದೆ. ನನ್ನ ಕಂಡ ಕೂಡಲೇ ಎದ್ದು ನಿಂತೆ. ನಾನು ಕಂಡೂ ಕಾಣದ ಹಾಗೆ ಹೋದೆ. ಮಾತಾಡಿಸಿದ್ರೆ ನನಗೇನು ಕೂಲಿ ಖೋತಾ ಇರಲಿಲ್ಲ.

ಒಳಗೆ ಮೂರು ಜನ ಕೂತಿದ್ರು. ಕುರ್ಚಿ ಕೊಟ್ರು, ನೀರು ಕೊಟ್ರು, ಅಮ್ಮಾ ಅಂದ್ರು. ಗೋದಾಮಿಗೆ ಕಳಿಸ್ತೀನಿ ಅಂತ ನಿಮ್ಮ ತಮ್ಮ ಅಂದದ್ದು ಹೌದೇ? ಹೌದು ಅಂದೆ. ಜಗಳವಾಗಿತ್ತೇ? ಹೌದು ಅಂದೆ. ಇನ್ನೇನಾದರೂ ಹೇಳೋದಿದೆಯೇ ಅಂದ್ರು. ನಾನು ಮದುವೆಯಾಗಿ ಬಂದಾಗಿನಿಂದ ಭಾವ ಮೈದುನ ಇಬ್ಬರೂ ಎದುರಾದಾಗಲೆಲ್ಲ ಅದೇ ಮಾತು ಅಂದು ಹೊಟ್ಟೆ ಹಿಡ್ಕೊಂಡು ನಗ್ತಿದ್ರು, ‘ಗೋದಾಮಿನಲ್ಲಿ ಊಟಕ್ಕೇನಿದೆಯೋ?’ ಅಂತ ಇವರೂ ಕ್ಯಾತೆ ತೆಗೀತಿದ್ರು ಅಂತ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಏನೂ ಇಲ್ಲ ಅಂದೆ.

ಯಾಕೆ ಅಂತ ಕೇಳಬೇಡ. ಚಿಲಕದ ಕಥೆ ಓದಿದೆ. ಚಿಲಕ ತೆಗೆದಿಟ್ಟಿದ್ದಕ್ಕೆ ಅವತ್ತು ಬೆಕ್ಕು ಬಂದು ಹಾಲು ಕುಡಿದು ಹೋಯ್ತು, ಅಷ್ಟೇ. ಚಿಲಕವನ್ನ ಗಾಡಿಗೆ ಹೋಲಿಸ್ತೀಯಲ್ಲ, ನಿನಗೆ ಬುದ್ಧಿ ಇದೆಯಾ?

ಅವರು ನಿನ್ನ ನೋಡಿದ್ರಾ ಅಂತ ಕೇಳಿದ್ದೆ. ಮುಚ್ಚಿಟ್ಟುಕೊಂಡಿದ್ದೀಯ. ಮುಚ್ಚಿಡೋಕೆ ಏನೋ ಇದೆ ಅಂತ ಆಯ್ತು.

ಪುಟ್ಟಿಯ ಅಮ್ಮ


ಏಪ್ರಿಲ್ ೮

ಅಕ್ಕಾ,

ನೀನು ಹೌದು ಅಂದದ್ದು ಸರಿ. ನಾನು ಅಂದಿದ್ದೆ, ಅಂದಿದ್ದಾನೆ ಅಂತ ನೀನು ಹೇಳಿದೆ. ಅದಕ್ಕೆ ಕೊರಗಬೇಡ.

ನನ್ನ ಸರದಿಯೂ ಮುಗೀತು. ನಿಜ ಹೇಳಿದೆ. ಮಧ್ಯದ ಸಾಹೇಬರು ಸಿಟ್ಟಾಗಲಿಲ್ಲ, ಬೇಜಾರಾದ್ರು. “ನಿದ್ದೆ ಮಾಡಿದ್ಯಾ? ಕುಡಿದಿದ್ಯಾ? ಜಾಗ ಬಿಟ್ಟು ಹೋಗಿದ್ಯಾ? ಇವಕ್ಕೆ ಇಂತಿಂಥ ಶಿಕ್ಷೆ ಅಂತ ಇದೆ. ಎಚ್ಚರವಾಗಿದ್ದೆ, ಕುಡಿದಿರಲಿಲ್ಲ, ಜಾಗದಲ್ಲೇ ಇದ್ದೆ, ಸರಿಯಿದ್ದ ಪಾಯಿಂಟ್ಸನ್ನ ಎದ್ದು ತಿರುಗಿಸಿದೆ ಅಂತೀಯ. ಹಾಗಾದ್ರೆ ಅದು ಬೇಕಂತ ಮಾಡಿದ್ದು. ಅದಕ್ಕೆ ಶಿಕ್ಷೆ ಕೊಡೋದು ನಾವಲ್ಲ, ಪೊಲೀಸರು” ಅಂದ್ರು. ವಕೀಲರು ಹಿಂದಿನಿಂದ ಅಂಗಿ ಜಗ್ಗಿದ್ರು. ಈಗಲಾದ್ರೂ ನಿದ್ದೆ ಅನ್ನು ಅಂತ.

ಅನ್ನಬಹುದಿತ್ತು. ಅಂದಿದ್ರೆ ಇಷ್ಟೊತ್ತಿಗೆ ಬೆಂಚಿನಿಂದ ಎದ್ದು ಮನೆಗೆ ಹೋಗಿರ್ತಿದ್ದೆ. ಆದ್ರೆ ನಾಳೆ ಅದೇ ಕಲ್ಲಿನ ಮೇಲೆ ಇನ್ನೊಬ್ಬ ಕೂರ್ತಾನೆ. ಅವನ ಕೈಗೂ ಲಿವರ್ ಎಟುಕುತ್ತೆ. ನಾನು ನಿದ್ದೆ ಅಂದ್ರೆ, ಎಚ್ಚರವಾಗಿದ್ರೆ ಸಾಕು ಅಂತ ಅವನು ಅಂದ್ಕೊಳ್ತಾನೆ.

ಇನ್ನು ಮುಂದೆ ವಿಳಾಸ ಜೈಲಿನದು. ಇಲ್ಲಿ ಮಾತಾಡೋಕೆ ಬಿಡ್ತಾರೆ. ಎರಡು ತಿಂಗಳ ಮೇಲೆ ಬಾಯಿ ತೆಗೆದ್ರೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ನಿನ್ನ ತಮ್ಮ


ಮೇ ೨೪

ನಿನ್ನ ವಿಚಾರಣೆ ಜೂನ್ ಕೊನೆಗೆ ಅಂತ ನನಗೂ ಕೋರ್ಟಿನಿಂದ ಕರೆ ಬಂದಿದೆ. ಅದಕ್ಕೆ ಬರೀತಿದ್ದೀನಿ ಅಂತ ಇಟ್ಟುಕೋ.

ಕ್ವಾರ್ಟರ್ಸ್ ಬಿಟ್ಟಾಯ್ತು. ಯಾರ್ಡಿನ ಹಿಂದೆ ಒಂದು ಕೋಣೆ, ಬಾಗಿಲು ಹಾಕಿದ್ರೆ ಕತ್ತಲೆ, ತೆಗೆದ್ರೆ ಕಲ್ಲಿದ್ದಲ ಪುಡಿ. ಸತ್ತ ಡ್ರೈವರಿನ ಹೆಂಡತಿ ಅಂತ ಕೆಲಸ ಕೊಟ್ಟಿದ್ದಾರೆ, ದೀಪದ ಕೋಣೆಯಲ್ಲಿ. ಸಿಗ್ನಲ್ಲು, ಪಾಯಿಂಟ್ಸು, ಎಲ್ಲದರ ದೀಪಕ್ಕೂ ಸೀಮೆಎಣ್ಣೆ ಹಾಕಿ, ಬತ್ತಿ ಕತ್ತರಿಸಿ, ಗಾಜು ಒರೆಸಿಡೋದು. ನಿನ್ನ ಪಾಯಿಂಟ್ಸಿನ ದೀಪವೂ ನನ್ನ ಕೈಗೇ ಬರುತ್ತೆ. ಅದರ ಗಾಜನ್ನ ಮೊದಲ ದಿನ ಎಷ್ಟು ಉಜ್ಜಿದೆ ಅಂದ್ರೆ ಬಿರುಕು ಬಿಡ್ತು. ನನಗೂ ದಂಡ ಬಿತ್ತು, ಸಂತೋಷಪಡು.

ಮೊನ್ನೆ ಕೆಮ್ಮುತಾತ ಬಂದಿದ್ದ. ಗೊತ್ತಲ್ಲ, ನಿನಗೆ ಲಿವರ್ ಹಿಡಿಯೋದು ಕಲಿಸಿದ ಮುದುಕ ಪಾಯಿಂಟ್ಸ್‌ಮನ್ನು, ನಾಲ್ಕು ಮಾತಿಗೆ ಎಂಟು ಸಲ ಕೆಮ್ಮೋನು. ದೀಪ ತಗೊಳ್ಳೋಕೆ ಬಂದವನು ಹೋಗದೆ ನಿಂತೇ ಇದ್ದ. ಏನು ತಾತಾ ಅಂದೆ. “ತಾಯೀ, ನಿನ್ನ ತಮ್ಮ ಸುಳ್ಳು ಹೇಳ್ತಿಲ್ಲ” ಅಂದ. ನಿನಗೆ ಹೇಗೆ ಗೊತ್ತು ಅಂದೆ. ಬಾಗಿಲು ಹಾಕಿಕೊಂಡು ಬಂದು ಹೇಳಿದ. ಅವನು ಹುಡುಗನಾಗಿದ್ದಾಗ ಅವನ ಕೈಯೂ ಹಾಗೇ ಎದ್ದಿತ್ತಂತೆ. ಹಾಕಿದ ಪಾಯಿಂಟ್ಸನ್ನ ಗಾಡಿ ಸದ್ದು ಕೇಳಿದ ಕೂಡಲೇ ಎದ್ದು ತಿರುಗಿಸಿಬಿಟ್ಟನಂತೆ. ಬರ್ತಿದ್ದದ್ದು ಕುಂಟ್ಕೊಂಡು ಬರೋ ಇಂಜಿನ್ನು, ವಾಪಸ್ ಎಳೆಯೋಕೆ ಸಮಯ ಸಿಕ್ತಂತೆ. “ನಿನ್ನೊಬ್ಬನಿಗೇನಾ?” ಅಂದೆ. “ಲಿವರ್ ಹಿಡಿದವರಲ್ಲಿ ಯಾರನ್ನಾದ್ರೂ ಕೇಳು. ಯಾರೂ ಹೌದು ಅನ್ನಲ್ಲ. ಎಲ್ಲರಿಗೂ ಆಗಿದೆ” ಅಂದ.

ನಮ್ಮ ಸಾಹೇಬರಿಗೆ ಆಗಲೇ ಹೇಳಬೇಕಿತ್ತಲ್ಲ ಅಂದೆ. ಅವನ ಜೊತೆಯವನೊಬ್ಬ ಹೀಗೇ ಏನೋ ಸಣ್ಣ ತಪ್ಪನ್ನ ತಾನಾಗೇ ಹೋಗಿ ಒಪ್ಪಿಕೊಂಡನಂತೆ. ಅವನ ಕುತ್ತಿಗೆಗೆ ಕೆಂಪು ಬಾವುಟ ಕಟ್ಟಿ ವಾರವಿಡೀ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದ್ರಂತೆ. ಗಾಡಿ ಬಂದಾಗಲೆಲ್ಲ ಜನ ಕಿಟಕಿಯಿಂದ ಬಗ್ಗಿ ನಗ್ತಿದ್ರಂತೆ. ವಾರ ಮುಗಿದ ಮೇಲೆ ಅವನು ಕೆಲಸಕ್ಕೂ ಬರಲಿಲ್ಲ, ಮನೆಗೂ ಹೋಗಲಿಲ್ಲವಂತೆ. “ಅವತ್ತಿಂದ ನಾವೆಲ್ಲ ಬಾಯಿ ಹೊಲ್ಕೊಂಡ್ವಿ” ಅಂದ.

ಹಾಗಾದ್ರೆ ಕೋರ್ಟಿಗೆ ಬಂದು ಇದನ್ನೇ ಹೇಳು ತಾತಾ ಅಂದೆ. ಕೆಮ್ಮಿದ. ಕೆಲಸ ಮುಗಿಯೋಕೆ ಇನ್ನು ಒಂದೇ ವರ್ಷ ಇದೆ ತಾಯೀ, ಈಗ ಬೆಂಚಿನ ಮೇಲೆ ಕೂರೋ ಶಕ್ತಿ ಇಲ್ಲ ಅಂದ. ನನಗೆ ಮೈಯೆಲ್ಲ ಉರಿದುಹೋಯ್ತು. “ನೀವು ಬಾಯಿ ಹೊಲ್ಕೊಂಡಿದ್ದಕ್ಕೆ ನನ್ನ ಗಂಡ ಹೋದ್ರು. ಆ ಕಲ್ಲು ಲಿವರ್ ಪಕ್ಕ ಬೇಡ ಅಂತ ಒಬ್ಬನಾದ್ರೂ ಹೇಳಿದ್ರೆ ಅವರು ಇರ್ತಿದ್ರು. ನಡಿ ಆಚೆ!” ಅಂತ ಎಣ್ಣೆ ಬಟ್ಟೆ ಬೀಸಿ ಒಗೆದೆ. ತಲೆ ತಗ್ಗಿಸಿ ದೀಪ ತಗೊಂಡು ಹೋದ.

ನಿನ್ನ ನಂಬಿದ್ದೀನಿ ಅಂತ ಬರೀತಿಲ್ಲ. ಆದ್ರೆ ಕೋರ್ಟಿನಲ್ಲಿ ಕೇಳಿದ್ರೆ ನೀನು ಅದನ್ನ ನಗ್ತಾ ಅಂತಿದ್ದದ್ದನ್ನೂ ಹೇಳ್ತೀನಿ. ಅರ್ಧ ಹೇಳಿ ಬಂದದ್ದು ಗಂಟಲಲ್ಲೇ ಕೂತಿದೆ.

ದೀಪದ ಕೋಣೆಯಿಂದ


ಜುಲೈ ೭

ಅಕ್ಕಾ,

ನಾಲ್ಕು ವರ್ಷ. ನೀನೂ ಕೇಳಿಸಿಕೊಂಡೆ. ಕೊಲೆ ಅಲ್ಲ, ಎಚ್ಚರಗೇಡಿತನ ಅಂದ್ರು ನ್ಯಾಯಾಧೀಶರು. ನೀನು ಅಷ್ಟು ಗಟ್ಟಿಯಾಗಿ ‘ಗೋದಾಮಿನಲ್ಲಿ ಊಟಕ್ಕೇನಿದೆಯೋ’ ಅಂತ ಭಾವನ ದನಿಯಲ್ಲೇ ಹೇಳದಿದ್ರೆ ನಾನು ಇನ್ನೆಂದೂ ಹೊರಗೆ ಬರ್ತಿರಲಿಲ್ಲ ಅಂತ ವಕೀಲರು ಹೇಳಿದ್ರು. ಕೋರ್ಟಿನಲ್ಲಿ ಇಬ್ಬರು ನಕ್ಕರು. ನನಗೆ ಭಾವನೇ ಬಂದು ನಿಂತ ಹಾಗಾಯ್ತು. ಎಚ್ಚರಗೇಡಿತನ ಅಂತೆ. ನನ್ನ ಅಷ್ಟು ಎಚ್ಚರದವನು ಆ ಯಾರ್ಡಿನಲ್ಲೇ ಇರಲಿಲ್ಲ, ಭಾವನ್ನ ಕೇಳಿದ್ರೆ ಹೇಳ್ತಿದ್ರು.

ಈಗ ಶಿಕ್ಷೆ ಆಯ್ತು. ಇನ್ನು ಹೇಳಿದ್ರೆ ಭಾವನ ಮೇಲೆ ಹೊರಿಸ್ತಿದ್ದಾನೆ ಅಂತ ಯಾರೂ ಅನ್ನಲ್ಲ. ನೀನು ಕೇಳಿದ್ದಕ್ಕೆ ಉತ್ತರ ಬರೀತೀನಿ.

ನೋಡಿದ್ರು ಅಕ್ಕಾ.

ಭಾವ ನನ್ನ ಪಾಯಿಂಟ್ಸ್ ದಾಟೋವಾಗ ಎರಡು ಗಿಡ್ಡ, ಒಂದು ಉದ್ದ ಸೀಟಿ ಹೊಡೀತಿದ್ದದ್ದು ನಿನಗೂ ಗೊತ್ತು. ನನಗೆ ಅಂತಲೇ ಇದ್ದದ್ದು ಅದು. ಜಗಳದ ಮೇಲೆ ಮೂರು ದಿನ ಹೊಡೀಲಿಲ್ಲ. ಮುಖ ತಿರುಗಿಸಿಕೊಂಡು ಹೋದ್ರು. ನಾಲ್ಕನೇ ದಿನ, ದೂರದಿಂದಲೇ, ಹೊಡೆದ್ರು. ನಾನು ನಿರೀಕ್ಷೆ ಮಾಡಿರಲಿಲ್ಲ. ಭಾವ ರಾಜಿಯಾದ್ರು ಅಂತ ಖುಷಿಗೆ ಗಾಬರಿಗೆ ಎದ್ದು ನಿಂತೆ. ನಿಂತ ಕೂಡಲೇ ಪಾಯಿಂಟ್ಸ್ ಅನ್ನಿಸ್ತು. ಮಿಕ್ಕದ್ದು ನಿನಗೆ ಗೊತ್ತಿದೆ.

ಇಂಜಿನ್ನಿಂದ ಬಗ್ಗಿ ಟೋಪಿ ಆಡಿಸ್ತಿದ್ರು. ನಗ್ತಿದ್ರು. ಪಾಯಿಂಟ್ಸ್ ತಿರುಗಿದ್ದು ಅವರ ಕಣ್ಣಿಗೆ ಬಿದ್ದ ಮೇಲೂ ಒಂದು ಗಳಿಗೆ ಆ ನಗು ಹಾಗೇ ಇತ್ತು. ತಮಾಷೆ ಅಂದ್ಕೊಂಡ್ರೋ ಏನೋ. ಆಮೇಲೆ ಬೈಯ್ಯಲಿಲ್ಲ, ಕೂಗಲಿಲ್ಲ. ಪಕ್ಕದಲ್ಲಿ ಕಲ್ಲಿದ್ದಲು ಹಾಕ್ತಿದ್ದ ಫೈರ್‌ಮನ್‌ಗೆ “ಹಾರೋ!” ಅಂದದ್ದು ಕೇಳಿಸ್ತು. ಬ್ರೇಕಿಗೆ ಕೈ ಹಾಕಿ ಒಳಗೆ ಹೋದ್ರು. ಏನಂದುಕೊಂಡು ಹೋದ್ರು ಅಂತ ನನಗೆ ಗೊತ್ತಿಲ್ಲ. ಕೋಪದಲ್ಲಿ ಹೋಗಲಿಲ್ಲ, ಅಷ್ಟು ಮಾತ್ರ ಗೊತ್ತು.

ಇದನ್ನ ಓದಿ ನಿನಗೆ ಸಮಾಧಾನ ಆಗುತ್ತೋ, ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತೋ ಗೊತ್ತಿಲ್ಲ. ಆದ್ರೆ ಹೊಟ್ಟೆಗೆ ಹಾಕ್ಕೋ.

ನಿನ್ನ ತಮ್ಮ


ಸೆಪ್ಟೆಂಬರ್ ೧೯

ಅಕ್ಕಾ,

ನನ್ನ ಹಿಂದಿನ ಕಾಗದ ಮುಟ್ಟಿತಾ? ಬರೆಯಬಾರದಿತ್ತೇನೋ. ಇಲ್ಲಿ ಹಗ್ಗ ಹೊಸೆಯೋ ಕೆಲಸ ಕೊಟ್ಟಿದ್ದಾರೆ. ಹೊಸೆದದ್ದನ್ನ ಬಿಚ್ಚಿ ನೋಡ್ತೀನಿ ಅಂತ ದಿನಾ ಬೈಸಿಕೊಳ್ತೀನಿ.

ಪುಟ್ಟಿ ಬರೆಯೋದು ಕಲಿತಿದ್ರೆ ಅವಳ ಕೈಯಲ್ಲಾದ್ರೂ ಒಂದು ಸಾಲು ಬರೆಸು.

ನಿನ್ನ ತಮ್ಮ


ನವೆಂಬರ್ ೪

ತಮ್ಮಾ,

ಕಾಗದ ಮುಟ್ಟಿತ್ತು. ನಾಲ್ಕು ತಿಂಗಳು ದಿಂಬಿನ ಕೆಳಗಿತ್ತು. ಉತ್ತರ ಬರೆಯೋಕೆ ಕೂತಾಗಲೆಲ್ಲ ನೀನು ಬರೆದ ಆ ಸೀಟಿಯ ಹತ್ರ ಬಂದು ಎದ್ದುಬಿಡ್ತಿದ್ದೆ.

ಮೊದಲು ಯಾರ್ಡಿನ ಸುದ್ದಿ. ಕೆಮ್ಮುತಾತ ಕೋರ್ಟಿಗೆ ಬರಲಿಲ್ಲ, ನೀನು ನೋಡಿದೆ. ಆದ್ರೆ ನಿನಗೆ ಶಿಕ್ಷೆಯಾದ ಮಾರನೇ ದಿನ ಏನು ಮಾಡಿದ ಗೊತ್ತಾ? ಪಾಯಿಂಟ್ಸ್ ಹಾಕಿದ, ಕೊಂಡಿ ಹಾಕಿದ, ಆಮೇಲೆ ಹಳಿ ದಾಟಿ ಆಚೆ ಬದಿಗೆ ಹೋಗಿ ಕೈ ಕಟ್ಟಿಕೊಂಡು ನಿಂತ. ಗಾಡಿ ಮಧ್ಯದಲ್ಲಿ ಬರುತ್ತೆ, ಕೈ ಎದ್ರೂ ಲಿವರ್ ಎಟುಕಲ್ಲ. ಯಾರ್ಡ್ ಮಾಸ್ಟರು ನೋಡಿ ಕೆಂಡವಾದ. ಲಿವರ್ ಬಿಟ್ಟು ನಿಂತದ್ದಕ್ಕೆ ದಂಡ ಹಾಕಿದ. ಮಾರನೇ ದಿನವೂ ಮುದುಕ ಆಚೆ ಬದಿಯಲ್ಲೇ ನಿಂತ. ಮತ್ತೆ ದಂಡ. ಮೂರನೇ ದಿನ ಬೆಂಚು. ಅವನ ಜಾಗಕ್ಕೆ ಬಂದವನೂ ಆಚೆ ಬದಿಗೇ ಹೋಗಿ ನಿಂತ. ಈಗ ನಮ್ಮ ಯಾರ್ಡಿನಲ್ಲಿ ಎಲ್ಲರೂ ಹಾಗೇ ನಿಲ್ತಾರೆ, ಎಲ್ಲರಿಗೂ ದಂಡ ಬೀಳುತ್ತೆ. ಯಾಕೆ ಅಂತ ಕೇಳಿದ್ರೆ ಇವತ್ತಿಗೂ ಯಾರೂ ಬಾಯಿ ಬಿಡಲ್ಲ. ಆ ಕಡೆ ನೆರಳು ಚೆನ್ನಾಗಿದೆ ಸಾರ್ ಅಂತಾರೆ. ಅಲ್ಲಿ ಒಂದು ಮರವೂ ಇಲ್ಲ.

ಕಳೆದ ವಾರ ಹೊರಗಡೆ ದೀಪ ಇಡೋನು ಜ್ವರ ಅಂತ ಬರಲಿಲ್ಲ. ನಿನ್ನ ಪಾಯಿಂಟ್ಸಿನ ದೀಪ ನಾನೇ ತಗೊಂಡು ಹೋದೆ. ಹೊಸ ಪಾಯಿಂಟ್ಸ್‌ಮನ್ನು ಎಲ್ಲ ಹಾಕಿ, ಆಚೆ ಬದಿಗೆ ದಾಟಿದ್ದ. ಅವನು ಹಾಕಿದ್ದನ್ನ ನನ್ನ ಕಣ್ಣಾರೆ ನೋಡಿದ್ದೆ. ನಾನು ದೀಪ ಸಿಕ್ಕಿಸಿ ಗಾಜು ಒರೆಸ್ತಿದ್ದೆ. ಗಾಡಿ ಬಂತು. ಅದರ ಡ್ರೈವರು ಸೀಟಿ ಹೊಡೆದ. ನನ್ನ ಎದೆ ಧಸಕ್ಕಂತು. ತಿರುಗಿಸಿಲ್ಲ, ತಿರುಗಿಸಿಲ್ಲ ಅಂತ ಯಾರೋ ಕಿವಿಯಲ್ಲಿ ಕೂಗಿದ ಹಾಗಾಯ್ತು. ನೋಡ್ತೀನಿ, ನನ್ನ ಕೈ ಲಿವರಿನ ಮೇಲಿದೆ. ಜನ್ಮದಲ್ಲಿ ಆ ಲಿವರ್ ಮುಟ್ಟಿದವಳಲ್ಲ ನಾನು. ಆಚೆಯಿಂದ ಅವನು “ಅಕ್ಕಾ, ಕೈ ಬಿಡಿ!” ಅಂತ ಕಿರುಚಿದ. ಬಿಟ್ಟೆ. ಗಾಡಿ ನೇರವಾಗಿ ಹೋಯ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತೆ. ನೀನು ಕೂರ್ತಿದ್ದ ಕಲ್ಲು.

ಇನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ. ಅವತ್ತು ಬೆಳಿಗ್ಗೆ ಬುತ್ತಿ ಕೈಗೆ ಕೊಡೋವಾಗ ಅವರಿಗೆ ನಾನೇ ಹೇಳಿದ್ದು. “ಸಾಕು ಬಿಡಿ ನಿಮ್ಮ ಮುನಿಸು. ಅವನು ಮುಖ ಸಣ್ಣದು ಮಾಡ್ಕೊಂಡು ಓಡಾಡ್ತಿದ್ದಾನೆ. ಇವತ್ತು ಸೀಟಿ ಹೊಡೀರಿ.” ಹೊಡೆಯಲ್ಲ ಹೋಗೇ ಅಂದ್ರು. ಪುಟ್ಟಿಯನ್ನ ಮುಂದೆ ಬಿಟ್ಟು ಅವಳ ಕೈಯಲ್ಲಿ ಹೇಳಿಸಿದೆ. ನಕ್ಕು, ಆಯ್ತು ಮಹಾರಾಣಿ ಅಂದು ಹೋದ್ರು.

ಹೊಡೆದ್ರು ಅಂತ ಮೊದಲನೇ ವಾರವೇ ಫೈರ್‌ಮನ್ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಹೇಳಿದ್ದ. ಆ ಸೀಟಿಗೇ ನೀನು ಬೆಚ್ಚಿ ಎದ್ದಿರಬೇಕು ಅಂತ ನನಗೆ ಆಗಲೇ ಅನ್ನಿಸಿತ್ತು. ನಿನ್ನ ಅನುಮಾನದ ಬುದ್ಧಿ ನನಗೆ ಗೊತ್ತಿಲ್ವಾ? ಅದು ಹಾಗಿರಬಾರದು ಅಂತ ದೇವರ ಹತ್ರ ಬೇಡಿಕೊಂಡೆ. ನೀನು ಬೇಕಂತಲೇ ಮಾಡಿದ್ದಾದ್ರೆ ಆ ಸೀಟಿಗೂ ಅದಕ್ಕೂ ಸಂಬಂಧ ಇರಲ್ಲ ನೋಡು, ನನ್ನದೇನೂ ಇರಲ್ಲ. ಅದಕ್ಕೇ ಆ ಮೂರು ಜನರ ಮುಂದೆ ಏನೂ ಇಲ್ಲ ಅಂದೆ. ನನ್ನ ತಮ್ಮ ಕೊಲೆಗಾರನಾಗಿದ್ರೇ ನನಗೆ ವಾಸಿಯಾಗಿತ್ತು.

ಭಾನುವಾರ ಭೇಟಿಗೆ ಬಿಡ್ತಾರಂತೆ. ಪುಟ್ಟಿಯನ್ನೂ ಕರ್ಕೊಂಡು ಬರ್ತೀನಿ. ನಿನ್ನ ಅಂಗಿಗೆ ಹಾಕೋಕೆ ಒಂದು ಗುಂಡಿ ತರ್ತೀನಿ, ಹಗ್ಗದ ಮೇಲಿದ್ದ ಅವರ ಅಂಗಿಯದು. ಅಲ್ಲಿ ಬೆಂಚಿದ್ರೆ ಪಕ್ಕದಲ್ಲಿ ಕೂರ್ತೀನಿ.

ನಿನ್ನ ಅಕ್ಕ